ಸೂಜಿ ಸೊಪ್ಪು

"ಎದಿ ಮುಂದ ಮಾಡು ಅಂದ್ರ ಬೆನ್ನ ಬಗ್ಗಸ್ತಾಳ ನೋಡ, ಭೋಸಡಿ. ನೆಟ್ಟಗ ನಿಂದರ. ಗಿಡಾ ಏನ ಕಡೀತೈತೇನ ನಿನ್ನ?"

ವಿಕ್ರಾಂತನ ಮಾತು ಮುಗಿಯುವ ಮೊದಲೇ ಸುಂದರಾ ಗಿಡಕ್ಕೆ ಬೆನ್ನು ಹಚ್ಚಿ ನೆಟ್ಟಗಾದಳು. ಅವನು ಸುಣ್ಣದ ಕಡ್ಡಿ ಹಿಡಿದು, ಅವಳ ಎದೆಯ ಮಟ್ಟಕ್ಕೆ ಸರಿಯಾಗಿ ತೊಗಟೆಯ ಮೇಲೆ ಗೆರೆ ಎಳೆದ. ಒಂದು ಗೆರೆಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅವನ ಕೈ ಅಲ್ಲಿತ್ತು. ಆಮೇಲೆ ಅವಳು ಮುಂದಿನ ಗಿಡಕ್ಕೆ ನಡೆದಳು. ಹಿಂದಿನಿಂದ ಆಳುಗಳ ಮೇಲ್ವಿಚಾರಣೆಯ ಮುಕಾದಮ ಉತ್ತಮ ಬಂದು, ಗೆರೆಯ ಮೇಲೆ ಟೇಪು ಸುತ್ತಿ ಸುತ್ತಳತೆ ಕೂಗಿದ. ಬೆಂಗಳೂರಿನಿಂದ ಬಂದಿದ್ದ ಅಳತೆ ಸಾಹೇಬರು ಮಡಚುವ ಕುರ್ಚಿಯಲ್ಲಿ ಕೂತು, ತೊಡೆಯ ಮೇಲಿನ ಟ್ಯಾಬಿನಲ್ಲಿ ಅದನ್ನು ಒತ್ತಿಕೊಂಡರು.

ಗಿಡದ ದಪ್ಪವನ್ನು ನಿಂತ ಮನುಷ್ಯನ ಎದೆಮಟ್ಟದಲ್ಲಿ ಅಳೆಯಬೇಕೆಂಬುದು ಅವರ ಶಾಸ್ತ್ರದ ನಿಯಮವಂತೆ. ಅದಕ್ಕೆಂದೇ ಗುರುತು ಹಾಕಿದ ಕೋಲೊಂದನ್ನು ಸಾಹೇಬರು ತಂದಿದ್ದರು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ವಿಕ್ರಾಂತ ಅದನ್ನು ಜೀಪಿನೊಳಗೆ ಒಗೆದು, ಹೆಣ್ಣಾಳುಗಳನ್ನು ಒಬ್ಬೊಬ್ಬರನ್ನಾಗಿ ಗಿಡಕ್ಕೆ ನಿಲ್ಲಿಸಿ ನೋಡಿ, ಸುಂದರಾಳನ್ನು ಆರಿಸಿಕೊಂಡಿದ್ದ. ಕೋಲು ಹೊತ್ತು ತಿರುಗುವುದಕ್ಕಿಂತ ಹೀಗೆ ಕೆಲಸ ಬೇಗ ಸಾಗುತ್ತದೆ ಎಂದು ಸಾಹೇಬರಿಗೆ ಹೇಳಿದ. ಸಾಹೇಬರು ಒಮ್ಮೆ ಕೋಲಿನಿಂದ ಗೆರೆಯನ್ನು ತಾಳೆ ನೋಡಿದರು. ಸರಿಯಾಗಿಯೇ ಇತ್ತು. ಆಮೇಲೆ ಅವರು ತಲೆ ಎತ್ತಿ ನೋಡುವ ಗೋಜಿಗೆ ಹೋಗಲಿಲ್ಲ.

ಸುಂದರಾಳ ಅತ್ತೆ ಶೇವಂತಾ ಸ್ವಲ್ಪ ಕೆಳಗೆ, ಮಾದರಿಗೆಂದು ಕಡಿದು ಕೆಡವಿದ ಗಿಡದ ಹತ್ತಿರ ಕೂತಿದ್ದಳು. ಕಾಂಡ ಬೇರೆ, ಟೊಂಗೆ ಬೇರೆ, ಸೊಪ್ಪು ಬೇರೆ ಮಾಡಿ ತೂಕಕ್ಕೆ ಹಾಕಬೇಕು. ಒಂದು ಗಿಡ ಗಾಳಿಯ ಇಂಗಾಲವನ್ನು ತನ್ನ ಮೈಯಲ್ಲಿ ಎಷ್ಟು ತುಂಬಿಕೊಂಡಿದೆ ಎಂಬುದನ್ನು ಹೀಗೆ ಕೊಂದು ನೋಡಿದರೆ, ಉಳಿದ ಗಿಡಗಳದ್ದನ್ನು ಸುತ್ತಳತೆಯಿಂದಲೇ ಹೇಳಲು ಬರುತ್ತದಂತೆ; ಆ ಲೆಕ್ಕ ತೋರಿಸಿ, ಗಿಡ ನೆಟ್ಟ ಕಂಪನಿ ಹೊರದೇಶದಿಂದ ಹಣ ಪಡೆಯುತ್ತದಂತೆ. ಪೈನ್ ಎಂದು ಕಂಪನಿಯವರು ಅನ್ನುತ್ತಿದ್ದ ಆ ಗಿಡಕ್ಕೆ ಕೇರಿಯವರು ಇಟ್ಟ ಹೆಸರು ಸೂಜಿಗಿಡ. ನಿಪ್ಪಾಣಿಯ ಪಡುವಣಕ್ಕಿರುವ ಈ ಗುಡ್ಡದಲ್ಲಿ ಮೊದಲು ಕೇರಿಯ ಆಡುಗಳು ಮೇಯುತ್ತಿದ್ದವು. ಈಗ ಸುತ್ತ ಮುಳ್ಳುತಂತಿ. ಗುಡ್ಡ ತನ್ನದೆಂದು ಕಾಗದ ಮಾಡಿಸಿಕೊಂಡು ಕಂಪನಿಗೆ ಕೊಟ್ಟವನು ಊರಿನ ದೊಡ್ಡ ಮಾಲಕ; ಅವನ ತಮ್ಮನ ಮಗನೇ ಈ ವಿಕ್ರಾಂತ.

ಶೇವಂತಾಳ ಬೆರಳುಗಳು ಸೊಪ್ಪು ಸವರುತ್ತಿದ್ದವು, ಕಣ್ಣು ಸೊಸೆಯ ಮೇಲಿತ್ತು. ಕೂಸು ಹುಟ್ಟಿದ್ದು ಶ್ರಾವಣದಲ್ಲಿ. ದಸರಾ ಮುಗಿಯುತ್ತಲೇ ಶೇವಂತಾಳ ಮಗ, ಸುಂದರಾಳ ಗಂಡ ಭೀಮಸಿ ಕಬ್ಬು ಕಡಿಯುವ ಗ್ಯಾಂಗಿನ ಸಂಗಡ ಘಟ್ಟದ ಕಡೆ ಹೋಗಿದ್ದ, ಸೊಸೆ ಗುಡ್ಡಕ್ಕೆ ಬಂದಿದ್ದಳು. ಹೊತ್ತು ಏರಿದಂತೆ ಅವಳ ಕುಪ್ಪಸದ ಮುಂಭಾಗ ಹಾಲಿನಿಂದ ಒದ್ದೆಯಾಗುತ್ತಿತ್ತು. ಅವಳು ಸೆರಗು ಎಳೆದುಕೊಂಡರೆ ಮಟ್ಟ ಕಾಣುವುದಿಲ್ಲ ಎಂದು ವಿಕ್ರಾಂತ ಬೈಯುತ್ತಿದ್ದ. ಹಾಗೆ ಬೈಯುವಾಗ ಅವನು ನಗುತ್ತಿದ್ದ. ಶೇವಂತಾಳಿಗೆ ಅಂಜಿಕೆಯಾಗುತ್ತಿದ್ದುದು ಆ ನಗೆಗೆ.

ಅಷ್ಟರಲ್ಲಿ ಬಲೆಗಳ ಸೊಪ್ಪು ತರಲು ಹೋದ ಆಳುಗಳು ಕೆಳಗಿನ ಪ್ಲಾಟಿನಿಂದ ಬರಿಗೈಯಲ್ಲಿ ಬಂದರು.

ಗಿಡಗಳ ಕೆಳಗೆ, ನಾಲ್ಕು ಗೂಟಕ್ಕೆ ಕಟ್ಟಿ, ನೆಲದಿಂದ ಮೊಳದೆತ್ತರಕ್ಕೆ ತೊಟ್ಟಿಲಿನ ಹಾಗೆ ಬಲೆಗಳನ್ನು ತೂಗಿಬಿಟ್ಟಿದ್ದರು. ವರ್ಷವಿಡೀ ಗಿಡದಿಂದ ಉದುರುವ ಸೊಪ್ಪು ಅದರಲ್ಲಿ ಬೀಳಬೇಕು. ಅದನ್ನು ಒಣಗಿಸಿ ತೂಗಿದರೆ ಗಿಡ ಒಂದು ವರ್ಷದಲ್ಲಿ ಎಷ್ಟು ಕಳಚಿತು ಎಂದು ತಿಳಿಯುತ್ತದೆ. ಉಳಿದ ಪ್ಲಾಟುಗಳ ಬಲೆಗಳು ತುಂಬಿ ಜೋತಾಡುತ್ತಿದ್ದವು. ಕೆಳಗಿನ ಪ್ಲಾಟಿನವು ಜಾಡಿಸಿಟ್ಟಂತೆ ಖಾಲಿ.

ಶೇವಂತಾ ತಲೆ ತಗ್ಗಿಸಿ ಮುಂದಿನ ಟೊಂಗೆ ಎಳೆದುಕೊಂಡಳು. ಜಾಡಿಸಿದವಳು ಅವಳೇ.

ಕದ್ದೆನೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಬಲೆ ಕಟ್ಟುವ ಮುಂಚೆ, ಬೇಸಿಗೆಯಲ್ಲಿ ಬೆಂಕಿ ಬಿದ್ದೀತೆಂದು ಕಂಪನಿಯವರೇ ಹೆಣ್ಣಾಳುಗಳಿಂದ ಆ ಸೊಪ್ಪು ಗುಡಿಸಿಸುತ್ತಿದ್ದರು, ಒಯ್ದು ಸುಡಿರಿ ಅನ್ನುತ್ತಿದ್ದರು. ಆಮೇಲೆ ಬಲೆ ಬಂದವು. ಯಾತಕ್ಕೆಂದು ಆಳುಗಳಿಗೆ ಯಾರೂ ಹೇಳಲಿಲ್ಲ. ಕಸ ನೆಲಕ್ಕೆ ಬೀಳದಂತೆ ಮೇಲೆಯೇ ಹಿಡಿಯುವ ಉಪಾಯ ಇದೆಂದು ಅವಳು ತಿಳಿದಳು, ಗುಡಿಸುವ ಶ್ರಮ ಉಳಿಯಿತಲ್ಲ ಎಂದು ಸಂತೋಷವೂ ಪಟ್ಟಳು. ಶ್ರಾವಣದಲ್ಲಿ ಮಳೆ ಹಿಡಿದು ಬಿಡಲಿಲ್ಲ. ಸಗಣಿಯ ಕುಳ್ಳು ಹಸಿ, ಹತ್ತಿಕಟ್ಟಿಗೆ ಹಸಿ. ಬಾಣಂತಿಗೆ ಎರಡು ಹೊತ್ತು ಸುಡುಸುಡು ನೀರು ಹಾಕಬೇಕು. ಸುಂದರಾಳಿಗೆ ನಂಜಾಗಿ ಮೈ ಸೆಟೆದುಕೊಳ್ಳುತ್ತಿತ್ತು. ನೆಲದ ಸೊಪ್ಪು ಕೊಳೆತಿದ್ದರೂ ಬಲೆಯಲ್ಲಿ ತೂಗಿಬಿದ್ದ ಸೊಪ್ಪಿಗೆ ಒಂದು ಗಾಳಿ ಬಡಿದರೆ ಸಾಕು, ನೀರಿಳಿದು ಗರಿಗರಿಯಾಗುತ್ತಿತ್ತು. ಅದರಲ್ಲಿಯ ಅಂಟು ಎಣ್ಣೆಯ ಹಾಗೆ ಹತ್ತಿಕೊಂಡು ಹಸಿ ಕುಳ್ಳನ್ನೂ ಉರಿಸುತ್ತಿತ್ತು. ಅಂದಿನಿಂದ ಮೊನ್ನೆಯ ತನಕ ದಿನವೂ ಕೆಲಸದಿಂದ ಬರುವಾಗ ಅವಳು ಒಂದು ಬುಟ್ಟಿ ತಂದಳು. ಹಾದಿಯ ಮೇಲೆ, ಎಲ್ಲರ ಕಣ್ಣಿಗೆ ಕಾಣುವಂತೆ, ತಲೆಯ ಮೇಲೆ ಹೊತ್ತುಕೊಂಡೇ ತಂದಳು.

ವಿಕ್ರಾಂತ ಹೆಣ್ಣಾಳುಗಳನ್ನು ಸಾಲಾಗಿ ನಿಲ್ಲಿಸಿದ.

"ಯಾವಾಕಿ ಜಾಡಸ್ಯಾಳ ಹೇಳ್ರಿ. ಕಂಪನಿ ಸೊಪ್ಪು ನಿಮ್ಮಪ್ಪನ ಹಿತ್ತಲದಾಗ ಬೆಳದೈತೇನ? ಒಂದೊಂದ ಕಡ್ಡೀಗೂ ಹೊರದೇಶದಾಗ ಲೆಕ್ಕ ಐತಿ, ರಂಡ್ಯಾರ."

ಅವನು ಒಬ್ಬೊಬ್ಬರ ಕೈ ಹಿಡಿದು ಮೂಸಿ ನೋಡಿದ. ಮುಂಜಾನೆಯಿಂದ ಸೊಪ್ಪು ಸವರಿದ ಕೈಗಳು ಎಲ್ಲವೂ ಒಂದೇ ವಾಸನೆ. ಅದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಹೋದ ವರ್ಷ ಒಂದು ಟೊಂಗೆ ಮುರಿದನೆಂದು ಕೇರಿಯ ಮುದುಕನೊಬ್ಬನನ್ನು ಇದೇ ಸೂಜಿಗಿಡಕ್ಕೆ ಕಟ್ಟಿ ಹೊತ್ತು ಮುಳುಗುವ ತನಕ ಬಿಟ್ಟಿದ್ದರು. ಆತ ಈಗಲೂ ಕಾಲು ಎಳೆದುಕೊಂಡು ನಡೆಯುತ್ತಾನೆ. ಅದು ಎಲ್ಲರ ನೆನಪಿನಲ್ಲಿತ್ತು. ವಿಕ್ರಾಂತ ಉತ್ತಮನನ್ನು ಕರೆದು, ಕೇರಿಗೆ ಹೋಗಿ ಪ್ರತಿ ಮನೆಯ ಹಂಡೆಯ ತಳ ನೋಡಿಕೊಂಡು ಬಾ ಅಂದ. ಸೂಜಿ ಸೊಪ್ಪಿನ ಹೊಗೆ ಬಡಿದ ಪಾತ್ರೆಗೆ ಟಾರು ಬಳಿದಂಥ ಮಸಿ ಹಿಡಿಯುತ್ತದೆ. ಕುಳ್ಳಿನ ಮಸಿಯ ಹಾಗೆ ಅದು ಬೂದಿಗೆ ಬಿಡುವುದಿಲ್ಲ.

ಶೇವಂತಾ ಸಾಲಿನಲ್ಲಿ ನಿಂತೇ ತನ್ನ ಹಂಡೆಯನ್ನು ಕಂಡಳು. ಹಿತ್ತಲ ಗೋಡೆಗೆ ಬೋರಲು ಹಾಕಿ ಬಂದಿದ್ದಳು. ತಳ ಮೇಲಾಗಿ.

ಸಂಜೆ ಮನೆಗೆ ಬಂದವಳು ರೊಟ್ಟಿಗೂ ಕೂರಲಿಲ್ಲ, ಹಂಡೆ ಎಳೆದುಕೊಂಡು ಕೂತಳು. ಹುಣಸೆಹಣ್ಣು ಹಚ್ಚಿದಳು, ಬೂದಿ ಹಚ್ಚಿದಳು, ಇಟ್ಟಂಗಿ ಚೂರಿನಿಂದ ಕೆರೆದಳು. ಪಕ್ಕದ ಮನೆಯ ಮಮತಾಜ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಹಗಲೆಲ್ಲ ಕೂಸನ್ನು ನೋಡಿಕೊಳ್ಳುವವಳು ಅವಳೇ. ಬೀಡಿ ಕಟ್ಟುತ್ತಲೇ ಕಾಲ ಹೆಬ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು ಜೋಳಿಗೆ ತೂಗುತ್ತಿದ್ದಳು. ಈಗ ಕೂಸು ಒಳಗೆ ತಾಯಿಯ ಹತ್ತಿರ ಇತ್ತು.

"ಎಷ್ಟ ತಿಕ್ಕತೀ ಬೇ? ನಿನ್ನ ಹಂಡೆ ಕಂಡ್ರ ಕಾಗಿಗೂ ನಾಚಿಕಿ ಬರಬೇಕ," ಅಂದಳು ಮಮತಾಜ.

ಶೇವಂತಾ ನಗಲಿಲ್ಲ. ಮಮತಾಜ ಬೀಡಿ ಬಿಟ್ಟು ಅವಳ ಮುಖವನ್ನು ನೋಡಿದಳು. ಆಗ ಶೇವಂತಾ ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಮಮತಾಜ ಕೇಳಿ, ನೀನು ಕೊಟ್ಟ ಬುಟ್ಟಿಯಿಂದ ನನ್ನ ಒಲೆಯೂ ಉರಿದಿದೆ, ಹಾಗಾದರೆ ನಾನೂ ಕಳ್ಳಿಯೇ ಅಂದಳು. ಅವಳು ಇನ್ನೂ ಏನೋ ಹೇಳುವವಳಿದ್ದಳು. ಸಂದಿಯ ತುದಿಯಲ್ಲಿ ಉತ್ತಮ ಬರುವುದು ಕಂಡಿತು.

ಉತ್ತಮ ಇದೇ ಕೇರಿಯವನು. ಚಿಕ್ಕವನಿದ್ದಾಗ ಶೇವಂತಾಳ ಕೈಯ ರೊಟ್ಟಿ ತಿಂದವನು. ಬಂದವನು ಕೂರಲಿಲ್ಲ, ಹಂಡೆಯನ್ನು ನೋಡಿ ಹಂಡೆಗೇ ಹೇಳುವವನಂತೆ ಹೇಳಿದ.

"ತಿಕ್ಕಬ್ಯಾಡ ಬಿಡ ಮಾವಶಿ. ಮಧ್ಯಾಹ್ನನ ಬಂದ ನೋಡಿ ಹೋಗೇನಿ."

"ಹೇಳೀ ಏನ?"

"ಹೇಳಲಾರದ ಇದ್ರ ನನ್ನ ಬಿಡತಿದ್ರೇನ?"

ಉತ್ತಮ ಬೇಗಬೇಗ ಮುಗಿಸಿಬಿಡಬೇಕೆಂಬಂತೆ ಮಾತಾಡಿದ. ವಿಕ್ರಾಂತ ಠಾಣೆಗೆ ಹೋಗುವುದಿಲ್ಲವಂತೆ. ಸಾಹೇಬರಿಗೂ ಹೆಸರು ಹೇಳುವುದಿಲ್ಲವಂತೆ. ನಾಳೆ ಮೇಲಿನ ಪ್ಲಾಟಿನ ಅಳತೆ ಇದೆ. ಅಲ್ಲಿಯ ತನಕ ಸಾಹೇಬರು ಹತ್ತುವುದಿಲ್ಲ, ಅವರಿಗೆ ದಮ್ಮು ಬರುತ್ತದೆ. ವಿಕ್ರಾಂತ ಒಬ್ಬನೇ ಹೋಗಿ ಅಳೆದು ತರುತ್ತಾನೆ.

"ಸುಂದರಾನ್ನ ಕಳಸಂದಾರ."

"ನಾನೂ ಹೋಗತೇನಿ ಆಕಿ ಸಂಗಾಟ."

"ಒಬ್ಬಾಕಿನ್ನ ಅಂದಾರ, ಮಾವಶಿ."

ಮಮತಾಜಳ ಬೆರಳುಗಳು ಎಲೆಯ ಮೇಲೆ ನಿಂತವು. "ಉತ್ತಮ, ಇದನ್ನ ಹೇಳಾಕ ನಡಕೋತ ಬಂದ್ಯಾ? ಕಾಲ ಹೆಂಗ ಬಂದೂವೋ ನಿನಗ?" ಅಂದಳು.

ಉತ್ತಮ ಬಂದ ಹಾದಿಯಲ್ಲೇ ತಿರುಗಿದ. ಸಂದಿಯ ತಿರುವಿನಲ್ಲಿ ಅವನು ಒಮ್ಮೆ ನಿಂತದ್ದನ್ನು ಶೇವಂತಾ ನೋಡಿದಳು. ಆದರೆ ತಿರುಗಿ ಬರಲಿಲ್ಲ.

ಕಳಿಸಬೇಡ ಅಂದಳು ಮಮತಾಜ. ಕಳಿಸದಿದ್ದರೆ ಮುಂದೇನು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಠಾಣೆಗೆ ಕರೆದರೆ ಅತ್ತೆಯನ್ನಷ್ಟೇ ಕರೆಯುತ್ತಾರೆಯೇ? ಹಂಡೆಯ ನೀರು ಮೈಮೇಲೆ ಹಾಕಿಸಿಕೊಂಡವಳನ್ನು ಬಿಡುತ್ತಾರೆಯೇ? ಭೀಮಸಿ ಯಾವ ಕಬ್ಬಿನ ಫಡದಲ್ಲಿದ್ದಾನೋ, ಅವನ ಫೋನು ಹತ್ತುತ್ತಿರಲಿಲ್ಲ. ಅವನಿಗೆ ತಿಳಿದರೆ ಕುಡುಗೋಲು ಹಿಡಿದೇ ಬರುವವನು. ಬಂದರೆ ಅವನೂ ಉಳಿಯುವವನಲ್ಲ.

ಶೇವಂತಾ ಹುಡುಗಿಯಾಗಿದ್ದಾಗ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುತ್ತಿದ್ದಳು. ಅಲ್ಲಿ ಹಿಂದೊಂದು ಕೋಣೆಯಿತ್ತು. ಕೆಲವರನ್ನು ಲೆಕ್ಕ ಬರೆಯುವ ದಿವಾಣಜಿ ಅಲ್ಲಿಗೆ ಕರೆಯುತ್ತಿದ್ದ. ಹೋದವಳು ತಿರುಗಿ ಬಂದು, ಸೀರೆಯ ಧೂಳು ಜಾಡಿಸಿ, ಸಾಲಿನಲ್ಲಿ ತನ್ನ ಜಾಗದಲ್ಲಿ ಕೂರುತ್ತಿದ್ದಳು. ಪಕ್ಕದವಳು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ. ಹೇಗೆ ಕೇಳದೆ ಇರಬೇಕೆಂಬುದನ್ನು ಶೇವಂತಾ ಅಲ್ಲಿಯೇ ಕಲಿತಳು. ಈಗ ಅವಳಿಗೆ ವಿಕ್ರಾಂತನ ಅಂಜಿಕೆಯ ಸಂಗಡ ಇನ್ನೊಂದು ಅಂಜಿಕೆ ಹುಟ್ಟಿತು. ನಾಳೆ ಸಂಜೆ ಸೊಸೆ ಗುಡ್ಡದಿಂದ ಇಳಿದು ಬಂದರೆ ತಾನು ನೀರು ಕಾಯಿಸಿ ಕೊಡುತ್ತೇನೆ, ರೊಟ್ಟಿ ಬಡಿದು ಕೊಡುತ್ತೇನೆ, ಮುಖ ನೋಡುವುದಿಲ್ಲ, ಒಂದು ಮಾತೂ ಕೇಳುವುದಿಲ್ಲ. ಆ ವಿದ್ಯೆ ಮೈಗೆ ಬಂದುಬಿಟ್ಟಿದೆ. ನಾಳೆಯೂ ಅದು ತಾನಾಗಿಯೇ ನಡೆದುಹೋಗುತ್ತದೆ.

ಊಟಕ್ಕೆ ಕೂತಾಗ ಸುಂದರಾ ತುತ್ತು ಮುರಿಯುತ್ತ ಕೇಳಿದಳು.

"ಅತ್ತಿ, ನಾಳಿ ಸಾಹೇಬ್ರು ಆ ಕೋಲ ತಗೀತಾರೇನ?"

"ತಗದಾರು," ಅಂದಳು ಶೇವಂತಾ. ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಹೊರಡಲಿಲ್ಲ.

ಮುಂಜಾನೆಯೂ ಹೊರಡಲಿಲ್ಲ. ಕೂಸನ್ನು ಮಮತಾಜಳ ಕೈಗೆ ಕೊಟ್ಟು ಅತ್ತೆ ಸೊಸೆ ಗುಡ್ಡ ಹತ್ತಿದರು. ಹಾದಿಯುದ್ದಕ್ಕೂ ಶೇವಂತಾ ಒಂದೇ ಮಾತನ್ನು ಒಳಗೊಳಗೆ ಕಟ್ಟುತ್ತ ನಡೆದಳು. ತಾನೇ ಹೇಳಿಬಿಟ್ಟರೆ? ಸಾಹೇಬರ ಮುಂದೆ, ಎಲ್ಲರೂ ಕೇಳುವಂತೆ, ಸುಟ್ಟವಳು ನಾನೆಂದು ಹೇಳಿಬಿಟ್ಟರೆ ಅವನ ಕೈಯಲ್ಲಿ ಮುಚ್ಚಿಟ್ಟುಕೊಳ್ಳುವುದಕ್ಕೆ ಏನು ಉಳಿಯುತ್ತದೆ? ಆ ಯೋಚನೆ ಬಂದಾಗ ಎದೆ ಹಗುರಾಗುತ್ತಿತ್ತು. ಮರುಗಳಿಗೆ ಠಾಣೆಯ ಕಟ್ಟೆ ಕಣ್ಣ ಮುಂದೆ ಬಂದು ಕಟ್ಟಿದ ಮಾತು ಚದುರುತ್ತಿತ್ತು. ಎರಡು ಸಲ ಹಾದಿಯ ಬದಿಗೆ ಕೂತಳು. ಹೊಟ್ಟೆ ಸರಿಯಿಲ್ಲ ಅಂದಳು ಸೊಸೆಗೆ. ಅದು ಸುಳ್ಳೇನೂ ಆಗಿರಲಿಲ್ಲ.

ತೂಕದ ಜಾಗದಲ್ಲಿ ಎಲ್ಲರೂ ಸೇರಿದ್ದರು. ವಿಕ್ರಾಂತ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಸುಣ್ಣದ ಕಡ್ಡಿಗಳನ್ನು ಸುಂದರಾಳ ಕೈಗೆ ಕೊಟ್ಟು, ಮೇಲಿನ ಪ್ಲಾಟಿಗೆ ನಡಿ, ಬಂದೆ ಅಂದ. ಸುಂದರಾ ಅತ್ತೆಯನ್ನು ನೋಡಿದಳು. ಉತ್ತಮ ಯಾಕೆ ಬರುತ್ತಿಲ್ಲ, ಟೇಪು ಯಾರು ಸುತ್ತುತ್ತಾರೆ ಎಂದು ಆ ಕಣ್ಣು ಕೇಳುತ್ತಿತ್ತು. ಶೇವಂತಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಸುಂದರಾ ತಿರುಗಿ ಮೇಲೆ ನಡೆಯತೊಡಗಿದಳು. ಅವಳ ಬೆನ್ನು ಒಂದು ಗಿಡ ದಾಟಿತು, ಇನ್ನೊಂದು ದಾಟಿತು.

"ಸಾಹೇಬ್ರ."

ದನಿ ತನ್ನದೆಂದು ಶೇವಂತಾಳಿಗೇ ಗೊತ್ತಾಗಲಿಲ್ಲ. ಸಾಹೇಬರು ಟ್ಯಾಬಿನಿಂದ ತಲೆ ಎತ್ತಿದರು.

"ಆ ಬಲಿ ಜಾಡಿಸಿದಾಕಿ ನಾನ್ರಿ. ಕಸಾ ಅಂತ ತಿಳದಿನ್ರಿ. ಸೊಸಿ ಬಾಣಂತಿ ಇದ್ಲು, ನೀರ ಕಾಸೂ ಸಲುವಾಗಿ ಸುಟ್ಟೇನ್ರಿ. ಈ ಮಾಲಕರಿಗೆ ನಿನ್ನೀನ ಗೊತ್ತೈತ್ರಿ. ಅದನ್ನ ಮುಚ್ಚಿಟ್ಟ, ನನ್ನ ಸೊಸಿನ್ನ ಒಬ್ಬಾಕಿನ್ನ ಮ್ಯಾಲ ಕರೀತಾರ್ರಿ."

ಹೆಣ್ಣಾಳುಗಳ ಕೈಗಳು ನಿಂತವು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಸಿಟ್ಟಾಗಲಿಲ್ಲ. "ಕೆಳಗಿನ ಪ್ಲಾಟಿನ ಬಲೆಗಳು ಮಾತ್ರ ತಾನೆ?" ಎಂದು ಕೇಳಿದರು.

"ಹೌದ್ರಿ."

"ಸರಿ ಹಾಗಾದರೆ. ಆ ಪ್ಲಾಟು ಬಿಟ್ಟುಬಿಡೋಣ. ಉಳಿದ ಪ್ಲಾಟುಗಳ ಸರಾಸರಿ ಹಾಕಿದರಾಯಿತು."

ಅಷ್ಟೇ. ಅವಳು ಹಂಡೆಯನ್ನು ಕೆರೆದದ್ದು, ಹಾದಿಯಲ್ಲಿ ಕೂತು ಕೂತು ಎದ್ದದ್ದು, ಎಲ್ಲವೂ ಸಾಹೇಬರ ಬೆರಳ ತುದಿಯಲ್ಲಿ ಒಂದು ಸಲ ಒತ್ತಿದ ಕೂಡಲೇ ಅಳಿಸಿಹೋಯಿತು. ಮುಗಿಯಿತೇ? ಅವಳಿಗೆ ನಂಬಿಕೆಯಾಗಲಿಲ್ಲ. ಆಗಲೇ ವಿಕ್ರಾಂತನ ಕೈ ಕಪಾಳಕ್ಕೆ ಬಿತ್ತು. ಕಿವಿಯೊಳಗೆ ಗುಂಯ್ ಎಂದಿತು.

"ನನ್ನ ಮ್ಯಾಲ ಹೇಳ್ತೀ? ಸಾಹೇಬ್ರು ಬಿಟ್ರ ನಾ ಬಿಡತೇನೇನ, ಹಾದರಗಿತ್ತಿ? ಗುಡ್ಡಾ ನಮ್ದು."

ಸಾಹೇಬರು ಎದ್ದು ನಿಂತರು. ಅವರು ಏನಾದರೂ ಅನ್ನುತ್ತಾರೆಂದು ಎಲ್ಲರೂ ಅವರ ಮುಖವನ್ನು ನೋಡಿದರು. "ಇದೆಲ್ಲ ನಿಮ್ಮ ಊರಿನ ವಿಷಯ ವಿಕ್ರಾಂತ್, ನನ್ನೆದುರಿಗೆ ಬೇಡ," ಅಂದರು. ಮೇಲಿನ ಪ್ಲಾಟು ಇವತ್ತೇ ಮುಗಿಯಬೇಕೆಂದು ನೆನಪು ಮಾಡಿ, ಫೋನು ಕೈಯಲ್ಲಿ ಎತ್ತಿ ಹಿಡಿದು, ನೆಟ್‌ವರ್ಕು ಹುಡುಕುತ್ತ ಜೀಪಿನ ಕಡೆ ಇಳಿದುಹೋದರು.

ಸುಂದರಾ ಮೇಲೆ, ಗಿಡಗಳ ನಡುವೆ ನಿಂತುಬಿಟ್ಟಿದ್ದಳು. ಕೈಯಲ್ಲಿ ಸುಣ್ಣದ ಕಡ್ಡಿ ಹಾಗೆಯೇ ಇತ್ತು.

"ನೀ ನಡೀಯೇ ಮ್ಯಾಲ," ಎಂದು ವಿಕ್ರಾಂತ ಅವಳ ಕಡೆ ಕೂಗಿ ಹೆಜ್ಜೆ ಎತ್ತಿದ.

ಶೇವಂತಾ ಅವನ ಕಾಲಿಗೆ ಬಿದ್ದಳು.

ಅದರಲ್ಲಿ ವಿಕ್ರಾಂತನಿಗೆ ಹೊಸದೇನೂ ಇರಲಿಲ್ಲ. ಕೇರಿಯವರು ಕೂಲಿಗೆ ಬೀಳುತ್ತಾರೆ, ನೀರಿಗೆ ಬೀಳುತ್ತಾರೆ, ತಪ್ಪಾಯಿತೆಂದು ಬೀಳುತ್ತಾರೆ. ರೂಢಿಯಂತೆ ಅವನು ಒಂದು ಪಾದವನ್ನು ತುಸು ಮುಂದೆಯೂ ಮಾಡಿದ. "ಏಳ, ಏಳ. ನಿನ್ನ ಹಣೇಬಾರ ಸಂಜೀಕ ನೋಡೂನು," ಅಂದ.

ಅವಳು ಏಳಲಿಲ್ಲ. ಎರಡೂ ಕಾಲುಗಳನ್ನು ಒಟ್ಟಿಗೆ ತಬ್ಬಿ, ಅವನ ಮೀನಖಂಡದ ಹಿಂದೆ ತನ್ನ ಬೆರಳಿಗೆ ಬೆರಳು ಹೆಣೆದಳು. ಅವನು ಕಾಲು ಎಳೆದ. ಬರಲಿಲ್ಲ. ಮುಗ್ಗರಿಸಿ ಹತ್ತಿರದ ಗಿಡವನ್ನು ಹಿಡಿದುಕೊಂಡ.

"ಬಿಡ."

ಅವಳು ಬಿಡಲಿಲ್ಲ. ಅವನ ಪ್ಯಾಂಟಿಗೆ ಮುಖ ಒತ್ತಿಕೊಂಡೇ ಕೂಗಿದಳು. "ಸುಂದರಾ, ಇಳದ ಹೋಗ. ಕೂಸಿನ್ನ ಎತಗೊಂಡ ಮಮತಾಜನ ಕರಕೊಂಡ ಬಸ್ ಹತ್ತ. ನನ್ನ ನೋಡಬ್ಯಾಡ."

ಟೇಪಿನ ಕಬ್ಬಿಣದ ಡಬ್ಬಿ ಅವಳ ತಲೆಗೆ ಬಡಿಯಿತು. ಮತ್ತೆ ಬೆನ್ನಿಗೆ. ಅವನು ತಾಯಿ ಹೆಸರು ಹಿಡಿದು ಬೈಯುತ್ತಿದ್ದ, ಉತ್ತಮನನ್ನು ಕರೆಯುತ್ತಿದ್ದ, ಇವಳನ್ನು ಎಳೆದು ಒಗೆ ಅನ್ನುತ್ತಿದ್ದ. ಎರಡು ಕೈಗಳು ಅವಳ ಭುಜದ ಮೇಲೆ ಬಂದು ಕೂತವು. ಉತ್ತಮನದೇ ಇರಬೇಕು. ಅವು ಎಳೆಯುತ್ತಿವೆಯೋ, ಸುಮ್ಮನೆ ಇಟ್ಟಿವೆಯೋ ಅವಳಿಗೆ ತಿಳಿಯಲಿಲ್ಲ. ಅಂಜಿಕೆ ಹೋಗಿರಲಿಲ್ಲ, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು, ಸೀರೆ ಒದ್ದೆಯಾಗಿತ್ತು. ಬೆರಳು ಮಾತ್ರ ಬಿಚ್ಚಿಕೊಳ್ಳಲಿಲ್ಲ.

ಸೊಸೆಯ ಹೆಜ್ಜೆಯ ಸಪ್ಪಳಕ್ಕಾಗಿ ಅವಳು ಕಿವಿಗೊಟ್ಟಳು. ಉದುರಿದ ಸೂಜಿ ಸೊಪ್ಪು ಗುಡ್ಡದ ತುಂಬ ದಪ್ಪಗೆ ಹಾಸಿಕೊಂಡು ಬಿದ್ದಿತ್ತು. ಅದರ ಮೇಲೆ ಯಾರು ಓಡಿದರೂ, ಯಾರು ನಿಂತರೂ, ಏನೂ ಕೇಳುವುದಿಲ್ಲ.